ಕೊಕ್ಕೆ, ಬಾವಿ, ಅಡಕತ್ತರಿ

ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಬದಿಯ ಹಳೇ ಮನೆಗಳ ನೆತ್ತಿ ನೋಡಿದರೆ ಬಹಳಷ್ಟರಲ್ಲಿ ಒಂದು ತೊಲೆ ಹೊರಗೆ ಚಾಚಿರುತ್ತದೆ, ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಮೆಟ್ಟಿಲು ಏಣಿಯಷ್ಟು ಕಡಿದು, ಮೇಲಾಗಿ ಇಕ್ಕಟ್ಟು. ಮಂಚ, ಬೀರು ಹತ್ತಿಸುವ ಮಾತೇ ಇಲ್ಲ. ಕೊಕ್ಕೆಗೆ ರಾಟೆ ಸಿಕ್ಕಿಸಿ, ಹಗ್ಗ ಜಗ್ಗಿ, ಕಿಟಕಿಯಿಂದ ಒಳಗೆ ತೆಗೆದುಕೊಳ್ಳುತ್ತಾರೆ. ಸಾಮಾನು ಗೋಡೆಗೆ ತಗಲದಿರಲೆಂದು ಎಷ್ಟೋ ಮನೆಗಳ ಮುಂಗೋಡೆಯನ್ನೇ ರಸ್ತೆ ಕಡೆಗೆ ತುಸು ವಾಲಿಸಿ ಕಟ್ಟಿದ್ದಾರೆ.

ಕಳೆದ ತಿಂಗಳು ಪಕ್ಕದ ಮನೆಯ ಸೋಫಾ ಹೀಗೇ ಮೇಲೇರಿತು. ಏಳು ವರ್ಷದ ಮಗ ಕತ್ತೆತ್ತಿ ನೋಡುತ್ತಿದ್ದವನು, "ಅಮ್ಮಾ, ಅಜ್ಜಿ ಮನೆ ಬಾವಿ!" ಅಂದ. ಆ ವಾರವೇ ಶಾಲೆಯಲ್ಲಿ ಸರಳ ಯಂತ್ರಗಳ ಪಾಠ ಆಗಿತ್ತು. ಸನ್ನೆ, ರಾಟೆ, ಗಾಲಿ-ಅಚ್ಚು, ಇಳಿಜಾರು, ಬೆಣೆ, ತಿರುಪು: ಆರೂ ಬಾಯಿಪಾಠ. ಆದರೆ ಪುಸ್ತಕದ ಚಿತ್ರ ನೋಡಿದಾಗ ಅವನಿಗೆ ಬಾವಿ ನೆನಪಾಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಸಾಗರದ ಅಜ್ಜಿ ಮನೆಯಲ್ಲಿ ನೀರು ಸೇದಿದ್ದ ಕೈಗೆ ಮಾತ್ರ ಈ ಹಗ್ಗದ ಗುರುತು ಸಿಕ್ಕಿತು.

ಮೇಲೆ ಒಂದೇ ಕಡೆ ಕಟ್ಟಿದ ಒಂಟಿ ರಾಟೆ ಭಾರ ಇಳಿಸುವುದಿಲ್ಲ, ಎಳೆಯುವ ದಿಕ್ಕು ಬದಲಿಸುತ್ತದೆ ಅಷ್ಟೆ. "ಮತ್ಯಾಕೆ ಸುಲಭ?" ಅಂತ ಕೇಳಿದ. ಮೇಲೆತ್ತುವಾಗ ತೋಳೊಂದೇ ದುಡಿಯುತ್ತದೆ, ಕೆಳಗೆ ಜಗ್ಗುವಾಗ ಮೈಭಾರವೂ ಜೊತೆಗೂಡುತ್ತದೆ ಎಂದೆ. ಭಾರ ನಿಜಕ್ಕೂ ಹಂಚಿಹೋಗುವುದನ್ನು ತೋರಿಸಲು ನಾನೂ ಇವರೂ ಒಂದೊಂದು ಪೊರಕೆ ಕೋಲು ಹಿಡಿದು ಎದುರುಬದುರು ನಿಂತೆವು. ಹಗ್ಗದ ತುದಿಯನ್ನು ಒಂದು ಕೋಲಿಗೆ ಕಟ್ಟಿ, ಎರಡಕ್ಕೂ ನಾಲ್ಕು ಸುತ್ತು ಸುತ್ತಿ, ಉಳಿದ ತುದಿ ಅವನ ಕೈಗೆ ಕೊಟ್ಟೆವು. ಅವನು ಎಳೆದ. ನಾವಿಬ್ಬರೂ ಕಾಲೂರಿ ಹಿಡಿದರೂ ಕೋಲುಗಳು ಹತ್ತಿರ ಬಂದೇ ಬಂದವು! ಕೋಲು ಸರಿದದ್ದು ಒಂದು ಗೇಣು. ಅವನ ಕೈಗೆ ಬಂದ ಹಗ್ಗ ಸುಮಾರು ಒಂದು ಮಾರು. ಬಲ ಉಳಿಸಿದ್ದಕ್ಕೆ ದೂರ ತೆರಬೇಕು. ಇದು ಕೈಗೆ ಗೊತ್ತಾದ ಮಗುವಿಗೆ ಮಿಕ್ಕ ಐದನ್ನು ಹೇಳಿಕೊಡುವುದು ಕಷ್ಟವಲ್ಲ.

ಊರಲ್ಲಿರುವವರಿಗೆ ಇದಕ್ಕೆ ಬೇಕಾದ್ದೆಲ್ಲ ಅಡುಗೆಮನೆಯಲ್ಲೇ ಇದೆ. ಹಿಡಿ ತಿರುಗಿಸುವ ಚಕ್ಕುಲಿ ಒರಳೂ ತಿರುಪೇ. ಅದನ್ನು ಮಕ್ಕಳ ಕೈಗೆ ಕೊಡಿ, ಒಂದು ಸುತ್ತು ತಿರುಗಿಸಿದರೆ ಎಷ್ಟು ಇಳಿಯಿತು ಎಂದು ಅವರೇ ನೋಡಲಿ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಇವನು ತೆರೆಗೆ ಮೂಗು ತಾಗಿಸಿ, "ಅಜ್ಜಿ, ಅಡಿಕೆ ತುದೀಲಿ ಇಡಬೇಡ, ಕೀಲಿನ ಹತ್ರ ತಳ್ಳು, ಆಗ ಹಗುರ" ಅಂದ.

"ಐವತ್ತು ವರ್ಷದಿಂದ ಅಲ್ಲೇ ಇಡ್ತಿದೀನಲ್ಲೋ ಮಗಾ," ಅಂದಳು ಅಮ್ಮ. "ಯಾಕೆ ಅಂತ ನೀನೇ ಹೇಳು ನೋಡಣ."