ಮುಳ್ಳು ಇಟ್ಟ ಮೇಲೆ ಎದ್ದು ಹೋಗುವ ಹಾಗಿಲ್ಲ

ನಮ್ಮ ಫಿಸಿಕ್ಸ್ ಮೇಷ್ಟ್ರು ತೀರಿಹೋದ ಸುದ್ದಿ ಬಂದ ರಾತ್ರಿ ನಾನು ಯಾರಿಗೂ ಫೋನ್ ಮಾಡಲಿಲ್ಲ. ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್' ಅನ್ನುವ ರಾಕ್ ಆಲ್ಬಮ್ಮಿನ ಗ್ರಾಮಫೋನ್ ಪ್ಲೇಟು ಹೊರಗೆ ತೆಗೆದು ಪ್ಲೇಯರಿಗೆ ಹಾಕಿದೆ. ದೀಪ ಆರಿಸಿ ಕೂತೆ. ಎರಡೂ ಬದಿ ಮುಗಿಯುವ ತನಕ ಏಳಲಿಲ್ಲ. ಬೇರೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಶನಿವಾರ ಮಧ್ಯಾಹ್ನ ಕಾಲೇಜಿನ ಅವರ ಲ್ಯಾಬಿನಲ್ಲಿ ಕೂತಿರುತ್ತಿದ್ದ ನಮ್ಮ ಐದು ಜನಕ್ಕೆ ಮಾತ್ರ ಯಾಕೆ ಅಂತ ಹೇಳಬೇಕಾಗಿಲ್ಲ.

ಮ್ಯಾಗಜೀನ್‌ಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಓದಿದ ಪಾಠಗಳನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಜಾಸ್ತಿ ಏನೂ ಬರಲಿಲ್ಲ. ಆದರೆ 1989ರಿಂದ 1992ರ ತನಕ ಆ ಲ್ಯಾಬಿನಲ್ಲಿ ಕೇಳಿದ ಒಂದೊಂದು ಆಲ್ಬಮ್ಮೂ, ಯಾವ ಹಾಡಾದ ಮೇಲೆ ಯಾವ ಹಾಡು ಅನ್ನುವುದರ ಸಮೇತ, ಇವತ್ತಿಗೂ ತಲೆಯಲ್ಲಿದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಲ್ಯಾಬಿನ ಮೂಲೆಯ ಮೇಜಿನ ಮೇಲೆ ಅವರದೇ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಯಾರೋ ಕೆಟ್ಟಿದೆ ಅಂತ ಬಿಟ್ಟಿದ್ದನ್ನು ತಂದು ತಾವೇ ರಿಪೇರಿ ಮಾಡಿದ್ದರು. ಮುಚ್ಚಳ ಇರಲಿಲ್ಲ. ಪ್ಲೇಟಿನ ಮೇಲೆ ಓಡುವ ಮುಳ್ಳಿನ ತೋಳಿನ ಮೇಲೆ ತೂಕಕ್ಕೆ ಅಂತ ತ್ರಾಸಿನ ಪೆಟ್ಟಿಗೆಯಿಂದ ತೆಗೆದ ಒಂದು ಸಣ್ಣ ತೂಕದ ಬಟ್ಟು ಅಂಟಿಸಿದ್ದರು. ಪ್ಲೇಟನ್ನು ಅಂಚಿನಲ್ಲಿ ಎರಡು ಅಂಗೈ ನಡುವೆ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡಿ, ಮೆತ್ತನೆ ಬಟ್ಟೆಯಿಂದ ಸುತ್ತಲೂ ಒರೆಸಿ ಆಮೇಲೆ ಇಡುತ್ತಿದ್ದರು. ಅವರದು ಒಂದೇ ಕಾನೂನು. "ಮುಳ್ಳು ಇಟ್ಟ ಮೇಲೆ ಯಾರೂ ಏಳೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಒಂದು ಬದಿ ಇಪ್ಪತ್ತು ನಿಮಿಷ. ಅಷ್ಟು ಕೂರೋಕೆ ಆಗದಿದ್ರೆ ಈಗ್ಲೇ ಹೋಗಿ."

ಯಾರೂ ಹೋಗಲಿಲ್ಲ.

ನಾನು ಮೊದಲ ಸಲ ಕೇಳಿದ್ದು ಪಿಂಕ್ ಫ್ಲಾಯ್ಡ್‌ನದೇ 'ದ ಡಾರ್ಕ್ ಸೈಡ್ ಆಫ್ ದ ಮೂನ್', 1973ರದ್ದು. ಹಾಕುವ ಮುಂಚೆ ಕವರನ್ನು ನಮ್ಮ ಮುಂದೆ ಹಿಡಿದರು. ಕಪ್ಪು ಹಿನ್ನೆಲೆ, ನಡುವೆ ಪ್ರಿಸಂ, ಒಂದು ಕಡೆಯಿಂದ ಬಿಳಿ ಗೆರೆ ಒಳಗೆ ಹೋಗಿ ಇನ್ನೊಂದು ಕಡೆ ಬಣ್ಣಗಳಾಗಿ ಹೊರಗೆ ಬರುತ್ತೆ. "ಎಷ್ಟು ಬಣ್ಣ?" ಅಂದರು. ಎಲ್ಲರೂ ಏಳು ಅಂದೆವು. "ಎಣಿಸಿ." ಎಣಿಸಿದರೆ ಆರೇ ಇತ್ತು! ಇಂಡಿಗೋ ಇರಲಿಲ್ಲ. ನೋಡದೆ ಉತ್ತರ ಹೇಳಿಬಿಟ್ಟಿದ್ದೆವು. ಅವರು ಬೈಯಲಿಲ್ಲ, ಸುಮ್ನೆ ಮುಳ್ಳು ಇಟ್ಟರು. ಎದೆ ಬಡಿತ ಶುರುವಾಯಿತು. ಎಲ್ಲೋ ದೂರದಿಂದ ಬಂದು ಹತ್ತಿರವಾಗಿ ಇಡೀ ಲ್ಯಾಬು ತುಂಬಿಕೊಂಡ ಆ ಬಡಿತ ಪ್ಲೇಟಿನದೋ ನನ್ನದೋ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ.

ಅದೇ ಬದಿಯಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುವ ಜಾಗ ಬಂದಾಗ ಒಬ್ಬ ಬೆಂಚಿನಿಂದ ಎದ್ದೇ ಬಿಟ್ಟಿದ್ದ. ರೆಕಾರ್ಡಿಂಗ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿಕೊಂಡು ಬಂದಿದ್ದು ಅಂತ ಆಮೇಲೆ ಮೇಷ್ಟ್ರು ಹೇಳಿದರು. ಬದಿಯ ಕೊನೆಗೆ ಗಾಯಕಿ ಕ್ಲೇರ್ ಟೋರಿ ಒಂದೂ ಪದ ಇಲ್ಲದೆ ಬರೀ ದನಿಯಲ್ಲಿ ಹಾಡುತ್ತಾರಲ್ಲ, ಅದು ಮುಗಿದಾಗ ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಕೂಗಿಗೆ ಟೋರಿಗೆ ರೆಕಾರ್ಡ್ ಮಾಡಿದ ದಿನ ಸಿಕ್ಕಿದ್ದು 30 ಪೌಂಡ್.

ಎರಡನೇ ಬದಿ 'ಮನಿ'ಯಿಂದ ಶುರು. ಆಗಲೇ ಸಂಗೀತದ ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದು. ಸದ್ದು ಜಾಸ್ತಿಯಾಯಿತು ಅಂತ ಹೇಳೋಕೆ ಬಂದಿದ್ದಾರೆ ಅಂದುಕೊಂಡೆವು. ಅವರು ಬಾಗಿಲ ಚೌಕಟ್ಟಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ನಿಂತರು. ಸ್ಯಾಕ್ಸೊಫೋನ್ ಮುಗಿದು ಗಿಟಾರ್ ಶುರುವಾದ ಕೂಡಲೇ ಅವರ ಬೆರಳು ನಿಂತಿತು, ಮತ್ತೆ ಬೇರೆ ಥರ ಶುರುವಾಯಿತು. ಕಾನೂನು ಅವರಿಗೂ ಗೊತ್ತಿತ್ತು ಅಂತ ಕಾಣುತ್ತೆ, ಬದಿ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದರು: "ಏಳು ಎಣಿಕೆಯಲ್ಲಿ ಹೋಗ್ತಿತ್ತು, ಗಿಟಾರ್ ಬಂದಾಗ ನಾಲ್ಕಕ್ಕೆ ಬಂದ್ರು. ಮತ್ತೆ ಏಳಕ್ಕೆ ವಾಪಸ್. ಯಾರಿವರು?" ಅದನ್ನು ಕೇಳಿದ ಮೇಲೆ ನಾನು ಯಾವ ಹಾಡನ್ನೂ ಎಣಿಸದೆ ಕೇಳಿಲ್ಲ.

ಪ್ಲೇಟಿನ ಒಳಗಿನ ಹಾಡು ಯಾಕೆ ಸ್ವಲ್ಪ ಮಂಕು ಅಂತ ನಾನು ಒಮ್ಮೆ ಕೇಳಿದೆ. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತು ಅಂದರೆ ಕೂಡಲೇ ಸೀಮೆಸುಣ್ಣ ಹಿಡಿದರು. ಪ್ಲೇಟು ನಿಮಿಷಕ್ಕೆ 33⅓ ಸುತ್ತು, ಅದು ಬದಲಾಗಲ್ಲ. ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೀರು ಹಾದುಹೋಗುತ್ತೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದರ ಅರ್ಧಕ್ಕಿಂತ ಕಮ್ಮಿ. ಅಷ್ಟೇ ಸದ್ದನ್ನು ಕಮ್ಮಿ ಜಾಗಕ್ಕೆ ತುರುಕಬೇಕು. ಕೋನೀಯ ವೇಗ, ರೇಖೀಯ ವೇಗ ಅಂತ ಪುಸ್ತಕದಲ್ಲಿ ನಾಲ್ಕು ಪುಟ ಇದ್ದಿದ್ದು ನನ್ನ ತಲೆಗೆ ಇಳಿದಿದ್ದು ಆಗಲೇ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತೆಗೆದವನು ನಾನೊಬ್ಬನೇ.

ಈಗ ಆ ರಾತ್ರಿಯ ವಿಷಯ. ನಮ್ಮ ಬ್ಯಾಚಿನವರು ಸೇರಿದಾಗೆಲ್ಲ ಇದು ಬಂದೇ ಬರುತ್ತೆ, ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ. ನಡೆದಿದ್ದು ಹೀಗೆ.

ಲೆಡ್ ಜೆಪ್ಲಿನ್‌ನ ನಾಲ್ಕನೇ ಆಲ್ಬಮ್, 1971. ಕವರಿನ ಮೇಲೆ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಎಲ್ಲರೂ ಅದರಲ್ಲಿ 'ಸ್ಟೇರ್‌ವೇ ಟು ಹೆವನ್' ಹಿಡಿದುಕೊಳ್ಳುತ್ತಾರೆ. ಒಳ್ಳೇ ಹಾಡೇ. ನನಗೆ ಮಾತ್ರ ಅದರ ಕೊನೇ ಹಾಡು, 'ವೆನ್ ದ ಲೆವೀ ಬ್ರೇಕ್ಸ್'. ಜಾನ್ ಬಾನಮ್ ಡ್ರಮ್ಸ್ ಹೊಡೆಯುವ ಮೊದಲ ಏಟಿಗೇ ಕಿಟಕಿ ಗಾಜು ಅದುರಿದ ಹಾಗಾಗುತ್ತೆ. ಇದನ್ನು ಸ್ಟುಡಿಯೋದಲ್ಲಿ ಮಾಡಿದ್ದಲ್ಲ, ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಕಟ್ಟಡದಲ್ಲಿ, ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು ಅಂತ ಮೇಷ್ಟ್ರು ಹೇಳಿದರು. ಹೇಳಬಾರದಿತ್ತು. ನಮ್ಮ ಹಾಸ್ಟೆಲಿಗೂ ಮೂರು ಮಹಡಿ ಮೆಟ್ಟಿಲಿತ್ತು.

ಸ್ಪೋರ್ಟ್ಸ್ ರೂಮಿನಿಂದ ಕಾಲೇಜು ಬ್ಯಾಂಡಿನ ದೊಡ್ಡ ಡ್ರಮ್ಮನ್ನು ಕಂಬಳಿಯಲ್ಲಿ ಸುತ್ತಿ ತಂದೆವು. ರಾತ್ರಿ ಹನ್ನೊಂದೂವರೆ. ಗೆಳೆಯ ಕೆಳಗೆ ಡ್ರಮ್ಮಿನ ಹತ್ತಿರ, ನಾನು ಎರಡನೇ ಮಹಡಿಯ ಕಟಾಂಜನದ ಹತ್ತಿರ ಟೇಪ್ ರೆಕಾರ್ಡರ್ ಇಟ್ಟುಕೊಂಡು. ಯೋಜನೆ ನನ್ನದೇ. ಕೆಂಪು ಗುಂಡಿ ಒತ್ತಿ ಕೈ ಬೀಸಿದೆ. ಅವನು ಹೊಡೆದ.

ಆ ಸದ್ದನ್ನು ಹೇಗೆ ಹೇಳಲಿ? ಏಟು ಒಂದು ಕಡೆ ಬಿತ್ತು, ಸದ್ದು ಬೇರೆ ಎಲ್ಲ ಕಡೆಯಿಂದ ಬಂತು. ಮೇಲೆ ಹತ್ತಿ ಚಾವಣಿ ಮುಟ್ಟಿ ಮತ್ತೆ ಇಳಿಯಿತು. ಕಟಾಂಜನ ಹಿಡಿದಿದ್ದ ನನ್ನ ಅಂಗೈಗೆ ಅದು ತಾಗಿತು. ನಿಲ್ಲಿಸು ಅಂತ ಹೇಳೋಕೆ ಆಗಲೇ ಇಲ್ಲ, ಅವನೂ ನಿಲ್ಲಿಸಲಿಲ್ಲ. ಐದಾರು ಏಟಿಗೆ ಎಲ್ಲ ರೂಮಿನ ದೀಪ ಹೊತ್ತಿಕೊಂಡವು. ವಾರ್ಡನ್ ಬಂದರು, ಅವರ ಹಿಂದೆಯೇ ಕ್ವಾರ್ಟರ್ಸಿನಿಂದ ಫಿಸಿಕ್ಸ್ ಮೇಷ್ಟ್ರು ಓಡಿ ಬಂದರು. ವಾರ್ಡನ್ ನಾಳೆ ಪ್ರಿನ್ಸಿಪಾಲರ ಮುಂದೆ ನಿಲ್ಲಿಸುತ್ತೇನೆ ಅಂತ ಕೂಗಾಡುತ್ತಿದ್ದರು. ಮೇಷ್ಟ್ರು ಕೆಳಗಿಂದ ಮೇಲೆ ನೋಡಿ, "ಟೇಪ್ ರೆಕಾರ್ಡರ್ ಎಷ್ಟನೇ ಮಹಡೀಲಿದೆ?" ಅಂದರು.

"ಎರಡನೇದು ಸರ್."

"ಮೂರನೇದರಲ್ಲಿ ಇಡಬೇಕಿತ್ತು ಕಣ್ರೋ."

ಶಿಕ್ಷೆ ಆಯಿತು. ಮೆಟ್ಟಿಲ ಜಾಗದ ಉದ್ದ ಅಗಲ ಎತ್ತರ ಅಳೆದು, ಸದ್ದು 60 ಡೆಸಿಬಲ್ ಇಳಿಯಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ ತರಬೇಕು. ಅದನ್ನೇ ಅನುರಣನ ಕಾಲ ಅನ್ನುವುದು. ಒಂದು ವಾರ ಅಳತೆ ಟೇಪು ಹಿಡಿದು ಹಾಸ್ಟೆಲ್ ತುಂಬ ಓಡಾಡಿದೆವು. ಪ್ರಿನ್ಸಿಪಾಲರ ಹತ್ತಿರ ನಮ್ಮ ಪರವಾಗಿ ಮೇಷ್ಟ್ರು ಏನು ಹೇಳಿದರೋ, ನಮ್ಮನ್ನು ಯಾರೂ ಕರೆಯಲಿಲ್ಲ.

ಉಳಿದ ಆಲ್ಬಮ್‌ಗಳೂ ಹಾಗೇ, ಒಂದೊಂದಕ್ಕೂ ಅವರ ಒಂದೊಂದು ಮಾತು ಅಂಟಿಕೊಂಡಿದೆ. ಕ್ವೀನ್‌ನ 'ಎ ನೈಟ್ ಅಟ್ ದ ಆಪೆರಾ', 1975. ನಾವು 'ಬೊಹೀಮಿಯನ್ ರಾಪ್ಸಡಿ'ಗೆ ಕಾಯುತ್ತಿದ್ದರೆ ಅವರು ಕಾಯುತ್ತಿದ್ದಿದ್ದು ''39' ಅನ್ನುವ ಚಿಕ್ಕ ಹಾಡಿಗೆ. ಬಾಹ್ಯಾಕಾಶಕ್ಕೆ ಹೋದವರು ಒಂದು ವರ್ಷ ಅಂದುಕೊಂಡು ವಾಪಸ್ ಬಂದರೆ ಇಲ್ಲಿ ನೂರು ವರ್ಷ ಕಳೆದಿರುತ್ತೆ. ಐನ್‌ಸ್ಟೈನ್‌ನ ಸಾಪೇಕ್ಷತೆ, ಅಷ್ಟೇ. ಬರೆದ ಬ್ರಯಾನ್ ಮೇ ಫಿಸಿಕ್ಸ್ ಓದಿದವರು. ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಗಿಟಾರ್ ಹಿಡಿದವರು ಅದನ್ನು 2007ರಲ್ಲಿ ಮುಗಿಸಿದಾಗ ಮೇಷ್ಟ್ರು ನನಗೆ ಫೋನ್ ಮಾಡಿ ತಮ್ಮದೇ ವಿದ್ಯಾರ್ಥಿ ಪಾಸಾದ ಹಾಗೆ ಹೇಳಿದರು.

ಬೀಟಲ್ಸ್‌ನ 'ಆ್ಯಬಿ ರೋಡ್', 1969. ಅವರದೇ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ ದೊಡ್ಡದು ಅನ್ನುವವರ ಜೊತೆ ನಾನು ಜಗಳವಾಡಿದ್ದೇನೆ, ಮುಂದೆಯೂ ಆಡುತ್ತೇನೆ. ಒಡೆದು ಹೋಗುತ್ತಿದ್ದ ಬ್ಯಾಂಡು ಕೊನೇ ಸಲ ಒಟ್ಟಿಗೆ ಕೂತು ಇಷ್ಟು ಚೆನ್ನಾಗಿ ನುಡಿಸಿದೆ ಅನ್ನುವುದೇ ನನಗೆ ಸಾಕು. ಮೊದಲ ಬದಿಯ ಕೊನೆಯಲ್ಲಿ ಒಂದೇ ಗಿಟಾರ್ ಸಾಲು ಮತ್ತೆ ಮತ್ತೆ ಬರುತ್ತಾ ಗಾಳಿಯ ಸದ್ದು ಏರುತ್ತಾ ಏರುತ್ತಾ ಹೋಗಿ ಫಟ್ ಅಂತ ನಿಂತುಬಿಡುತ್ತೆ. ಕ್ಯಾಸೆಟ್ಟಿನ ಟೇಪು ತುಂಡಾಯಿತು ಅಂತ, ರೀಲು ಸುತ್ತೋಕೆ ನಾನು ಪೆನ್ಸಿಲ್ ಹುಡುಕಿದ್ದೆ. ಬ್ಯಾಂಡಿನ ಜಾನ್ ಲೆನನ್ ಇಲ್ಲಿ ಕತ್ತರಿಸಿ ಅಂದ ಕಡೆ ಕತ್ತರಿಸಿದ್ದಂತೆ.

1991ರ ಕೊನೆಗೆ ನಿರ್ವಾಣ ಅನ್ನುವ ಬ್ಯಾಂಡಿನ 'ನೆವರ್‌ಮೈಂಡ್' ಬಂತು. ಅದನ್ನು ಲ್ಯಾಬಿಗೆ ತಂದವನು ನಾನು. ಮೇಷ್ಟ್ರಿಗೆ ಹಿಡಿಸಲ್ಲ ಅಂತ ಉಳಿದವರು ಹೇಳಿದ್ದರು. ಅವರು ಎರಡೂ ಬದಿ ಕಣ್ಣು ಮುಚ್ಚಿ ಕೇಳಿ, "ಮೆಲ್ಲಗೆ ಹೇಳಿ ಆಮೇಲೆ ಕೂಗ್ತಾನೆ. ಮೆಲ್ಲಗೆ ಹೇಳಿದ್ದಕ್ಕೇ ಕೂಗು ಅಷ್ಟು ದೊಡ್ಡದಾಗಿ ಕೇಳೋದು" ಅಂದರು. ಎಷ್ಟು ಜನ ಮೇಷ್ಟ್ರು ತಮಗಿಂತ ಮೂವತ್ತು ವರ್ಷ ಚಿಕ್ಕ ಹುಡುಗ ತಂದ ಕ್ಯಾಸೆಟ್ಟನ್ನು ಹಾಗೆ ಕೇಳುತ್ತಾರೆ? ಆರು ವರ್ಷ ಆದ ಮೇಲೆ ರೇಡಿಯೋಹೆಡ್‌ನ 'ಓಕೆ ಕಂಪ್ಯೂಟರ್' ಬಂದಾಗ ಅವರಿಗೆ ಒಂದು ಕಳಿಸಿದೆ. ಅದರ ಒಂದು ಹಾಡಿನ ದನಿಯನ್ನು ಹಳೇ ಬಂಗಲೆಯ ಕಲ್ಲಿನ ಮೆಟ್ಟಿಲ ಹತ್ತಿರ ರೆಕಾರ್ಡ್ ಮಾಡಿದ್ದಾರೆ ಅಂತಲೂ ಬರೆದಿದ್ದೆ. ಕಾರ್ಡಿನಲ್ಲಿ ಎರಡೇ ಸಾಲು ಉತ್ತರ ಬಂತು. "ಪೂರ್ತಿ ಎರಡು ಸಲ ಕೇಳಿದೆ. ಮತ್ತೆ ಮೆಟ್ಟಿಲು, ನೋಡಿದ್ಯಾ!"

ಇವತ್ತು ನನ್ನ ಹತ್ತಿರ ಆರುನೂರಕ್ಕಿಂತ ಜಾಸ್ತಿ ಪ್ಲೇಟುಗಳಿವೆ. ಯಾವುದು ಕೇಳಬೇಕು ಅಂತ ಎಷ್ಟೋ ಜನ ನನ್ನನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನು ನಂಬುತ್ತಾರೆ. ಅದು ನನಗೆ ಹೆಮ್ಮೆಯೇ. ಆದರೆ ಮೊನ್ನೆ ಕಾಲೇಜಿಗೆ ಹೋದಾಗ ಮನಸ್ಸಿಗೆ ನೋವಾಯಿತು. ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬೀಗ. ಮಕ್ಕಳಿಗೆ ಟೆಸ್ಟು, ಮೇಷ್ಟ್ರುಗಳಿಗೆ ಕಂಪ್ಯೂಟರಿನಲ್ಲಿ ತುಂಬಬೇಕಾದ ಲೆಕ್ಕಪತ್ರ. ಆ ಮಕ್ಕಳು ನಮಗಿಂತ ಜಾಣರು, ಅದರಲ್ಲಿ ಅನುಮಾನ ಇಲ್ಲ. ಅವರ ಫೋನಿನಲ್ಲಿ ನಾನು ವರ್ಷಗಟ್ಟಲೆ ಹುಡುಕಿದ ಎಲ್ಲ ಆಲ್ಬಮ್ಮೂ ಇವೆ. ಒಂದು ಬದಿ ಪೂರ್ತಿ ಕೂರೋಕೆ ಯಾರಾದರೂ ಇಪ್ಪತ್ತು ನಿಮಿಷ ಬಿಟ್ಟುಕೊಡಬೇಕಲ್ವಾ? ಟೈಮ್‌ಟೇಬಲ್ಲಿನಲ್ಲಿ ಆ ಇಪ್ಪತ್ತು ನಿಮಿಷ ನನಗೆ ಎಲ್ಲೂ ಕಾಣಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಬ್ಯಾಚು ಸೇರಿತ್ತು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಒಬ್ಬ ತೆಳ್ಳಗಿನ ಮುದುಕರನ್ನು ದಾಟಿಕೊಂಡು ನಾನು ಒಳಗೆ ಹೋದೆ. ಯಾರದೋ ತಂದೆ ಇರಬೇಕು ಅಂದುಕೊಂಡೆ.

1975ರ ಜೂನ್ 5ರಂದು ಪಿಂಕ್ ಫ್ಲಾಯ್ಡ್‌ನವರು 'ವಿಶ್ ಯು ವರ್ ಹಿಯರ್' ಕೆಲಸದಲ್ಲಿದ್ದಾಗ ಸ್ಟುಡಿಯೋಗೆ ಒಬ್ಬ ದಪ್ಪ ಮನುಷ್ಯ ಬಂದ. ತಲೆ ಬೋಳು, ಹುಬ್ಬನ್ನೂ ಬೋಳಿಸಿಕೊಂಡಿದ್ದ. ತುಂಬಾ ಹೊತ್ತು ಅವರಿಗೆ ಗುರುತೇ ಹತ್ತಲಿಲ್ಲ. ಅದು ಸಿಡ್ ಬ್ಯಾರೆಟ್. ಅವರ ಬ್ಯಾಂಡನ್ನು ಶುರು ಮಾಡಿದವರಲ್ಲಿ ಒಬ್ಬ, ಆ ಆಲ್ಬಮ್ಮಿನ ದೊಡ್ಡ ಹಾಡು ಯಾರ ಬಗ್ಗೆ ಬರೆದಿದ್ದೋ ಅವನೇ. ಈ ಕಥೆಯನ್ನು ನಮಗೆ ಹೇಳಿದ್ದು ಮೇಷ್ಟ್ರೇ. ಜೊತೆಗಾರನನ್ನೇ ಗುರುತಿಸದೆ ಇರೋಕೆ ಹೇಗೆ ಸಾಧ್ಯ ಸರ್ ಅಂತ ನಾನು ಅವತ್ತು ಕೇಳಿದ್ದೆ.

ಬಾಗಿಲು ದಾಟಿ ಒಳಗೆ ಹೋದ ನನ್ನನ್ನು ಹಿಂದಿನಿಂದ ಆ ಮುದುಕರೇ ಕರೆದರು. ಹೆಸರು ಹಿಡಿದು. ನಾನು ತಿರುಗಿ ನೋಡಿ ಕಾಲು ಮುಟ್ಟುವ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ಅವರು ಅದನ್ನು ನೋಡಿಯೂ ನೋಡದ ಹಾಗೆ, "ಆ ಮೆಟ್ಟಿಲಿನ ಟೇಪು ಇದ್ಯೇನೋ?" ಅಂದರು.

ಇತ್ತು. ಹುಡುಕಿ ಕಳಿಸುತ್ತೇನೆ ಅಂದೆ. ಹುಡುಕಲಿಲ್ಲ. ಅವರು ಹೋದ ರಾತ್ರಿ, ಪ್ಲೇಟು ಮುಗಿದ ಮೇಲೆ, ಹಳೇ ಪೆಟ್ಟಿಗೆ ಇಳಿಸಿ ಹುಡುಕಿದೆ. ಕ್ಯಾಸೆಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ 'ಮೆಟ್ಟಿಲು' ಅಂತಿದೆ. ರೀಲು ಸಡಿಲಾಗಿತ್ತು, ಪೆನ್ಸಿಲ್ ತೂರಿಸಿ ಬಿಗಿ ಮಾಡಿದೆ. ಆರು ಏಟು ಕೇಳಿಸಿತು. ಆಮೇಲೆ ಬಾಗಿಲುಗಳು, ಚಪ್ಪಲಿ ಸದ್ದು, ವಾರ್ಡನ್ ಕೂಗು. ಗಾಬರಿಯಲ್ಲಿ ನಾನು ಟೇಪು ನಿಲ್ಲಿಸಿರಲೇ ಇಲ್ಲ. "ಮೂರನೇದರಲ್ಲಿ ಇಡಬೇಕಿತ್ತು ಕಣ್ರೋ" ಅಂತ ಮೇಷ್ಟ್ರ ದನಿ ಕೆಳಗಿನಿಂದ ಬಂತು, ಮೆಟ್ಟಿಲಿನುದ್ದಕ್ಕೂ ಸುತ್ತಿಕೊಂಡು. ಅಲ್ಲಿಗೆ ಮುಗಿಯಿತು ಅಂತ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದಿದ್ದೆ. ಮುಗಿದಿರಲಿಲ್ಲ. ವಾರ್ಡನ್ ದೂರ ಹೋದ ಮೇಲೆ, ತುಂಬಾ ಮೆಲ್ಲಗೆ, ಅವರದೇ ದನಿ.

"ಇನ್ನೊಂದ್ಸಲ ಹೊಡಿ, ಕೇಳೋಣ."

ಒಂದು ಏಟು. ಅದು ಮೇಲೆ ಹತ್ತಿ ಪೂರ್ತಿ ಇಳಿಯುವ ತನಕ ಟೇಪಿನಲ್ಲಿ ಯಾರೂ ಮಾತಾಡುವುದಿಲ್ಲ.