ಸಿಸೆಕ್ಸ್ ಬಿಟ್ಟು ಸಿಸಿ 2 ಹಿಡಿದಿದ್ದು

ಮಂಡ್ಯದ ನಾಟಕ ತಂಡವೊಂದರ ಹಿನ್ನೆಲೆ ಸಂಗೀತ ನಮ್ಮ ಸರಸ್ವತಿಪುರಂ ಸ್ಟುಡಿಯೋದಲ್ಲಿ ರೆಕಾರ್ಡ್ ಆಗುತ್ತಿತ್ತು. ಕೊನೆಯ ದೃಶ್ಯಕ್ಕೆ ನಿರ್ದೇಶಕರು ಕೇಳಿದ್ದು ಒಂದೇ ಒಂದು ಸ್ವರ. ಮಂಕಾಗಿ ಶುರುವಾಗಬೇಕು, ನಟಿ ಎದ್ದು ನಿಲ್ಲುವ ಹೊತ್ತಿಗೆ ನಿಧಾನಕ್ಕೆ ಹೊಳಪು ಬರಬೇಕು. ಕಂಪ್ಯೂಟರಿನೊಳಗಿನ ವಾದ್ಯದಲ್ಲಿ, ಅಂದರೆ ಪ್ಲಗಿನ್‌ನಲ್ಲಿ, ಮಾಡಿ ಕೇಳಿಸಿದೆ, ಹಿಡಿಸಲಿಲ್ಲ. ಮೂಲೆಯಲ್ಲಿದ್ದ ಯಮಹಾ ಡಿಎಕ್ಸ್7 ಸಿಂತಸೈಜರ್ (ಸಿಂತ್) ನುಡಿಸಿದ ತಕ್ಷಣ "ಇದೇ, ಇದೇ" ಅಂದರು.

ಅದು 1983ರ ಮಾಡೆಲ್. ವಾದ್ಯ, ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಭಾಷೆಯಾದ ಮಿಡಿ ಹುಟ್ಟಿದ ವರ್ಷವೂ ಅದೇ. ಹೊಳಪು ಹೆಚ್ಚು ಕಡಿಮೆ ಮಾಡುವ ಕಟ್‌ಆಫ್ ಅಂತ ಒಂದು ನಾಬ್ ಇಲ್ಲ, ಅದೇ ಕೆಲಸದ ಮಿಡಿ ಸಂದೇಶ ಸಿಸಿ 74 (ಸಿಸಿ ಅಂದರೆ ಕಂಟ್ರೋಲ್ ಚೇಂಜ್) ಕಳಿಸಿದರೆ ಕಿವಿಗೇ ಹಾಕಿಕೊಳ್ಳಲ್ಲ. ಇದರಲ್ಲಿ ಶಬ್ದ ಹುಟ್ಟಿಸುವ ಘಟಕಕ್ಕೆ ಆಪರೇಟರ್ ಅಂತಾರೆ; ನಮಗೆ ಕೇಳಿಸುವುದು ಕ್ಯಾರಿಯರ್, ಅದರ ಬಣ್ಣ ಬದಲಿಸುವುದು ಮಾಡ್ಯುಲೇಟರ್. ಹೊಳಪು ಬೇಕಂದರೆ ಮಾಡ್ಯುಲೇಟರ್ ಆಪರೇಟರ್‌ನ ಔಟ್‌ಪುಟ್ ಲೆವೆಲ್ ಏರಿಸಬೇಕು, ಅದಕ್ಕೆ ದಾರಿ ಸಿಸೆಕ್ಸ್, ಅಂದರೆ ಆಯಾ ಕಂಪನಿಯ ವಾದ್ಯಕ್ಕಷ್ಟೇ ಅರ್ಥವಾಗುವ ಮಿಡಿ ಸಂದೇಶ. ನಾಬ್‌ಗಳಿರುವ ನಮ್ಮ ಮಿಡಿ ಕಂಟ್ರೋಲರ್‌ನ ಎಡಿಟರ್ ಸಾಫ್ಟ್‌ವೇರ್‌ನಲ್ಲಿ, ಯಾವ ನಾಬ್ ಏನು ಕಳಿಸಬೇಕು ಅನ್ನುವ ಟೆಂಪ್ಲೇಟ್ ಬರೆದೆ. ಮಾಡ್ಯುಲೇಟರ್ ಆಗಿದ್ದ ಆಪರೇಟರ್ 2ರ ಲೆವೆಲ್‌ಗೆ ಪ್ಯಾರಾಮೀಟರ್ 100, ಬೆಲೆ 0ಯಿಂದ 99. ಸಿಸೆಕ್ಸ್ ಸ್ವೀಕರಿಸಲಿ ಅಂತ ಸಿಂತ್‌ನಲ್ಲಿ ಸಿಸ್ ಇನ್ಫೋ ಅವೈಲ್ ಹಾಕಿದೆ. ಕಂಟ್ರೋಲರ್‌ನಿಂದ ಸಿಂತ್‌ಗೆ ಮಿಡಿಯ ಡಿನ್ ಕೇಬಲ್ ನೇರ ಕೊಟ್ಟಾಗ ನಾಬ್ ತಿರುಗಿಸಿದಂತೆ ಶಬ್ದ ಅರಳಿತು. ನಿರ್ದೇಶಕರು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು.

ಆಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್, ಅಂದರೆ ಡಿಎಡಬ್ಲ್ಯು, ತೆರೆದೆ. ನಾಬ್ ಸತ್ತೇ ಹೋಗಿತ್ತು.

ಇನ್‌ಪುಟ್ ಪಟ್ಟಿಯಲ್ಲಿ ಕಂಟ್ರೋಲರ್ ಹೆಸರಿದೆ, ಟಿಕ್ ಇದೆ, ಮೀಟರ್ ಮಾತ್ರ ಅಲ್ಲಾಡಲ್ಲ. ಯುಎಸ್‌ಬಿ ಕೇಬಲ್ ಬದಲಿಸಿದೆ. ಚಾನೆಲ್ ನೋಡಿದೆ. ರೀಸ್ಟಾರ್ಟ್ ಮಾಡಿದೆ. ತಂಡದವರು ರಾತ್ರಿ ಬಸ್ ಹಿಡಿಯಬೇಕಿತ್ತು, ಒಬ್ಬರು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದರು. "ಸರ್, ಪ್ಲಗಿನ್ನೇ ಇಟ್ಕೊಳ್ಳೋಣ್ವಾ?" ಅಂತ ನಿರ್ದೇಶಕರು ಮೆತ್ತಗೆ ಕೇಳಿದರು. ಆ ಮೆತ್ತಗಿನ ದನಿ ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು. ಅಷ್ಟರಲ್ಲಿ ಮೈಕ್ ಸುತ್ತಿಡುತ್ತಿದ್ದ ನಮ್ಮ ಹುಡುಗ ಪರದೆ ನೋಡಿ, "ಅಣ್ಣಾ, ಎಡಿಟರ್ ಮತ್ತೆ ತಾನೇ ಓಪನ್ ಆಗಿದೆಯಲ್ಲ" ಅಂದ.

ಅದೇ ಆಗಿತ್ತು. ವಿಂಡೋಸ್‌ನಲ್ಲಿ ನಮ್ಮ ಕಂಟ್ರೋಲರ್‌ನ ಡ್ರೈವರ್ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮಿಗೆ ಪೋರ್ಟ್ ಕೊಡುತ್ತೆ. ಕಂಪ್ಯೂಟರ್ ಆನ್ ಆದ ಕೂಡಲೇ ಎಡಿಟರ್ ಎದ್ದು ಅದನ್ನು ಹಿಡಿದುಕೊಳ್ಳುತ್ತಿತ್ತು. ಮ್ಯಾಕ್‌ನಲ್ಲಿ ಈ ಗೋಳಿಲ್ಲ. ಎಡಿಟರ್ ಮುಚ್ಚಿ, ಸ್ಟಾರ್ಟಪ್ ಪಟ್ಟಿಯಿಂದಲೂ ಕಿತ್ತುಹಾಕಿದೆ. ಮೀಟರ್ ಕುಣಿಯಿತು. ಸಿಂತ್ ಮಾತ್ರ ಇನ್ನೂ ಸುಮ್ನೆ ಕೂತಿತ್ತು, ಯಾಕಂದರೆ ನಾವು ಬಳಸುವ ಡಿಎಡಬ್ಲ್ಯು ನೋಟ್, ಸಿಸಿ ಎಲ್ಲ ಬಿಡುತ್ತೆ, ಟ್ರ್ಯಾಕ್ ಮೂಲಕ ಸಿಸೆಕ್ಸ್ ದಾಟಿಸಲ್ಲ.

ಸಿಸೆಕ್ಸ್ ಆಸೆ ಅಲ್ಲಿಗೇ ಬಿಟ್ಟೆ. ಡಿಎಕ್ಸ್7ಗೆ ಬ್ರೆತ್ ಕಂಟ್ರೋಲರ್ ಅಂತ ಒಂದಿದೆ, ಮಿಡಿಯಲ್ಲಿ ಅದು ಸಿಸಿ 2. ಬಾಯಲ್ಲಿ ಊದುವ ಆ ಸಾಧನ ನಮ್ಮಲ್ಲಿಲ್ಲ, ಆದರೆ ಅದರ ಸಂದೇಶ ನಾಬಿನಿಂದ ಬಂದರೂ ಸಿಂತ್‌ಗೆ ಒಂದೇ. ಸಿಂತ್‌ನ ಫಂಕ್ಷನ್ ಸೆಟ್ಟಿಂಗ್‌ಗಳಲ್ಲಿ ಬ್ರೆತ್‌ಗೆ ಇಜಿ ಬಯಾಸ್ (ಆಪರೇಟರ್ ಲೆವೆಲ್ ಏರಿಳಿಸುವ ಆಯ್ಕೆ) ಆನ್ ಮಾಡಿ ರೇಂಜ್ 99 ಕೊಟ್ಟೆ. ಆ ಏರಿಳಿತಕ್ಕೆ ಎಷ್ಟು ಸ್ಪಂದಿಸಬೇಕು ಅನ್ನುವ ಆಂಪ್ ಮಾಡ್ ಸೆನ್ಸಿಟಿವಿಟಿ ಮಾಡ್ಯುಲೇಟರ್‌ಗೆ ಮಾತ್ರ 3, ಕ್ಯಾರಿಯರ್‌ಗೆ 0. ನಾಬ್ ಸೊನ್ನೆಯಲ್ಲಿ ಮಂಕು, ಏರಿಸಿದಷ್ಟೂ ಹೊಳಪು. ಜೊತೆಗೆ ಆ ಏರಿಕೆ ಟ್ರ್ಯಾಕ್‌ನಲ್ಲಿ ಗೆರೆಯಾಗಿ ಕೂತಿತು. ನಟಿ ಏಳುವ ಕ್ಷಣಕ್ಕೆ ಅದನ್ನು ಮೌಸ್‌ನಲ್ಲೇ ಜರುಗಿಸಿದೆ. ಸಿಸೆಕ್ಸ್‌ನಲ್ಲಿ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಹಳೇ ಸಿಂತ್ ಜೋಡಿಸುವವರು ಮೊದಲು ಸಿಸಿಯಲ್ಲಿ ಏನೆಲ್ಲ ಆಗುತ್ತೆ ನೋಡಿ. ಸಿಂತ್ ಯಾವ ಮಿಡಿ ಸಂದೇಶ ಕೇಳುತ್ತೆ ಅಂತ ಹೇಳುವ, ಮ್ಯಾನ್ಯುಅಲ್ ಕೊನೆಯ ಮಿಡಿ ಚಾರ್ಟ್ ಸಾಮಾನ್ಯವಾಗಿ ಒಂದೇ ಪುಟ, ಅದನ್ನು ಓದದೆ ಟೆಂಪ್ಲೇಟ್ ಬರೆಯಬೇಡಿ. ಇನ್ನೊಂದು ವಿಷಯ. ಮೊದಲ ಡಿಎಕ್ಸ್7ರಲ್ಲಿ ಈ ಫಂಕ್ಷನ್ ಸೆಟ್ಟಿಂಗ್‌ಗಳು ವಾಯ್ಸ್ (ಸಿಂತ್‌ನಲ್ಲಿ ಉಳಿಸಿಟ್ಟ ಶಬ್ದ) ಜೊತೆ ಸೇವ್ ಆಗಲ್ಲ, ಪ್ರಾಜೆಕ್ಟ್ ಫೈಲಿನಲ್ಲಂತೂ ಇರೋದೇ ಇಲ್ಲ. ಅದಕ್ಕೆ ಅವತ್ತೇ ಸಿಂತ್ ಶಬ್ದವನ್ನು ಆಡಿಯೋ ಆಗಿ ರೆಕಾರ್ಡ್ ಮಾಡಿಕೊಂಡೆ, ಸೆಟ್ಟಿಂಗ್ ಎಲ್ಲ ಟ್ರ್ಯಾಕ್ ನೋಟ್ಸ್‌ನಲ್ಲಿ ಬರೆದಿಟ್ಟೆ.

ಡಿಎಡಬ್ಲ್ಯು ಮಾಡುವವರಲ್ಲಿ ನನ್ನದೊಂದು ಕೋರಿಕೆ: ಪೋರ್ಟ್ ಬೇರೆ ಪ್ರೋಗ್ರಾಮಿನ ಕೈಯಲ್ಲಿದ್ದರೆ ಹಾಗಂತ ಪರದೆ ಮೇಲೆ ಹೇಳಿ. ಟಿಕ್ ಮಾರ್ಕ್ ತೋರಿಸಬೇಡಿ.