ಒಬ್ಬ ಪೇಷಂಟ್ ಕಥೆ, ಇನ್ನೂರು ಪೇಷಂಟ್ ಲೆಕ್ಕ

ಶಿವಮೊಗ್ಗದಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಾಲೂಕಾಫೀಸಿಗೆ ಅರ್ಜಿ, ಇವೆಲ್ಲ ವರ್ಷ ಪೂರ್ತಿ ಇದ್ದಿದ್ದೇ, ಆದ್ರೆ ಅಂಗಡಿ ಬಾಡಿಗೆ ನಿಜವಾಗ್ಲೂ ಕಟ್ಟೋದು ಡಿಗ್ರಿ ಮುಗಿಸಿ ಮೇಲೆ ಓದ್ತಿರೋ ಪಿಜಿ ಡಾಕ್ಟರ್‌ಗಳು. ಥೀಸಿಸ್ ಸಬ್ಮಿಟ್ ಮಾಡೋ ಟೈಮ್ ಬಂತು ಅಂದ್ರೆ ರಾತ್ರಿ ಊಟ ಆದ್ಮೇಲೂ ಶಟರ್ ಬಡೀತಾರೆ, ಅಣ್ಣ ಪೇಜ್ ನಂಬರ್ ಓಡಿ ಹೋಗಿದೆ, ಅಣ್ಣ ಗ್ರಾಫು ಕಲರ್ ಪ್ರಿಂಟ್ ಬೇಕು, ಅಣ್ಣ ನಾಳೆ ಬೆಳಿಗ್ಗೆ ಬೈಂಡಿಂಗ್ ಆಗ್ಲೇಬೇಕು ಗೈಡ್ ಊರಿಗೆ ಹೋಗ್ತಾರೆ ಅಂತ. ನಾನು ಓದಿದ್ದು ಬಿಕಾಂ. ಆದ್ರೂ ಇಷ್ಟು ವರ್ಷ ಮಾರ್ಜಿನ್ ಸರಿ ಮಾಡ್ತಾ ಮಾಡ್ತಾ ಒಳಗಿರೋದನ್ನ ಓದೋ ಚಟ ಹತ್ಕೊಂಡಿದೆ, ಅರ್ಥ ಆಗದೆ ಇರೋದನ್ನ ಅವ್ರನ್ನೇ ಕೇಳ್ತೀನಿ, ಪ್ರಿಂಟರ್ ಓಡೋ ತನಕ ಅವ್ರಿಗೂ ಬೇರೆ ಕೆಲ್ಸ ಇರಲ್ಲ, ಹೇಳ್ತಾರೆ.

ನನ್ನ ಹತ್ರ ಎರಡು ತರದ ಬರಹ ಬರುತ್ತೆ. ಒಂದು ಥೀಸಿಸ್. ಅದರ ಕೊನೇಲಿ ಮಾಸ್ಟರ್ ಚಾರ್ಟ್ ಅಂತ ಒಂದು ಇರುತ್ತೆ, ಎ3 ಹಾಳೆ ಅಡ್ಡ ಇಟ್ಟು ಮಡಚಿ ಬೈಂಡ್ ಮಾಡ್ಬೇಕು, ಒಬ್ಬೊಬ್ಬ ಪೇಷಂಟ್‌ಗೆ ಒಂದೊಂದು ಸಾಲು: ಐಪಿ ನಂಬರು, ವಯಸ್ಸು, ಎಂ ಇಲ್ಲಾ ಎಫ್, ಆಮೇಲೆ ಬಿಪಿ, ಕ್ರಿಯಾಟಿನಿನ್, ಪ್ಲೇಟ್‌ಲೆಟ್ಟು, ಹೀಗೆ ಇಪ್ಪತ್ತು ಮೂವತ್ತು ಕಾಲಮ್ಮು, ಕಟ್ಟಕಡೇ ಕಾಲಮ್ಮಲ್ಲಿ ಡಿ ಅಂತ ಇದ್ರೆ ಡಿಸ್ಚಾರ್ಜು, ಇ ಅಂತ ಇದ್ರೆ ಎಕ್ಸ್‌ಪೈರ್ಡ್. ಫಾಂಟ್ ಸೈಜು ಆರಕ್ಕೆ ಇಳಿಸಿದ್ರೂ ಹಿಡಿಯಲ್ಲ. ಇನ್ನೊಂದು ಕೇಸ್ ರಿಪೋರ್ಟ್. ಅದು ಮೂರು ಪೇಜು ನಾಲ್ಕು ಪೇಜು, ಒಬ್ಬನೇ ಪೇಷಂಟ್, ಇಂತಾ ಊರಿನ ಕಡೆಯ ಇಷ್ಟು ವಯಸ್ಸಿನ ಕೃಷಿಕ, ಇಂತಾ ತೊಂದರೆ ಅಂತ ಬಂದ, ನಾವು ಹೀಗಂದ್ಕೊಂಡ್ವಿ, ಆದ್ರೆ ಹಾಗಿರ್ಲಿಲ್ಲ, ಹೀಗೆ ಮಾಡಿದ್ವಿ, ಹುಷಾರಾದ. ಓದೋಕೆ ಮಜಾ ಕೇಸ್ ರಿಪೋರ್ಟೇ, ಡೌಟೇ ಇಲ್ಲ. ಮಾಸ್ಟರ್ ಚಾರ್ಟಲ್ಲಿ ಕಥೆ ಇಲ್ಲ.

ಆದ್ರೆ ಔಷಧಿ ಕೆಲ್ಸ ಮಾಡುತ್ತಾ ಇಲ್ವಾ ಅನ್ನೋ ಪ್ರಶ್ನೆಗೆ ಉತ್ತರ ಇರೋದು ಆ ಕಣ್ಣು ನೋಯೋ ಚಾರ್ಟಲ್ಲೇ. ಒಬ್ಬ ಹುಷಾರಾದ ಅಂದ್ರೆ ಔಷಧಿಯಿಂದ ಆದ್ನಾ, ತಾನಾಗೇ ಆಗ್ತಿದ್ನಾ ಅಂತ ಹೇಗೆ ಗೊತ್ತಾಗ್ಬೇಕು. ನಮ್ಮ ಮಲೆನಾಡಿನ ಕಾಯಿಲೆಗಳ ಕಥೆ ನೋಡಿದ್ರೆ ಒಬ್ಬೊಬ್ಬ ಪೇಷಂಟಿನ ಕಥೆ ನಮ್ಮಲ್ಲಿ ರಾಶಿ ಇದೆ, ಔಷಧಿ ಕೊಟ್ಟೋರನ್ನ ಕೊಡದೋರ ಜೊತೆ ಹೋಲಿಸಿದ ಲೆಕ್ಕ ಬಂದಿದ್ದೇ ಕಮ್ಮಿ ಅನ್ಸುತ್ತೆ.

ಕಥೆಯಿಂದ ಲೆಕ್ಕದ ತನಕ ಸರಿಯಾಗಿ ಹೋಗಿದ್ದು ಹೇಗಿರುತ್ತೆ ಅಂತ ಒಬ್ಬ ಪೀಡಿಯಾಟ್ರಿಕ್ಸ್ ಹುಡುಗಿ ಹೇಳಿದ್ಲು. ಫ್ರಾನ್ಸಿನ ಬೋರ್ಡೋ ಊರು, ಹೌದು, ನಾವು ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡಿಯೋ ಮೈಲುತುತ್ತ ಸುಣ್ಣದ ಬೋರ್ಡೋ ಹುಟ್ಟಿದ ಊರೇ. ಅಲ್ಲೊಂದು ಮಗುವಿಗೆ ಮೂಗಿನ ಮೇಲೆ ರಕ್ತನಾಳದ ಗಡ್ಡೆ, ಹೆಮಾಂಜಿಯೋಮ ಅಂತಾರೆ, ಕೂಸುಗಳ ಮುಖದ ಮೇಲೆ ಕೆಂಪಗೆ ಉಬ್ಬಿರುತ್ತಲ್ಲ ಅದು. ಸ್ಟೀರಾಯ್ಡ್ ಕೊಡ್ತಿದ್ರು, ಆಮೇಲೆ ಮಗುವಿನ ಹಾರ್ಟಿಗೆ ತೊಂದರೆ ಶುರುವಾಯ್ತು, ಅದಕ್ಕೆ ಅಂತ ಪ್ರೊಪ್ರನೊಲಾಲ್ ಕೊಟ್ರು, ಇದು ಹಳೇ ಬಿಪಿ ಮಾತ್ರೆ. ಮಾರನೇ ದಿನಕ್ಕೇ ಗಡ್ಡೆಯ ಕೆಂಪು ಬಣ್ಣ ನೇರಳೆಗೆ ತಿರುಗಿ ಮೆತ್ತಗಾಯ್ತು. ಯಾರೂ ಗಡ್ಡೆಗೆ ಅಂತ ಕೊಟ್ಟಿದ್ದಲ್ಲ! ಇನ್ನೊಂದು ಮಗುವಲ್ಲೂ ಹಂಗೇ ಆಯ್ತು, ಮತ್ತೆ ಒಂಬತ್ತು ಮಕ್ಕಳಿಗೆ ಕೊಟ್ಟು ನೋಡಿದ್ರು, 2008ರಲ್ಲಿ ಜರ್ನಲ್ಲಿಗೆ ಒಂದು ಚಿಕ್ಕ ಪತ್ರ ಬರೆದ್ರು. ಅಲ್ಲಿಗೇ ನಿಲ್ಲಿಸ್ಲಿಲ್ಲ ನೋಡಿ. 2015ರಲ್ಲಿ 460 ಶಿಶುಗಳ ಟ್ರಯಲ್ ಬಂತು, ಟ್ರಯಲ್ ಅಂದ್ರೆ ಪೇಷಂಟ್‌ಗಳನ್ನ ಗುಂಪು ಮಾಡಿ ಹೋಲಿಸಿ ನೋಡೋದು, ನಿಜವಾದ ಔಷಧಿ ಆರು ತಿಂಗಳು ಕೊಟ್ಟ ಗುಂಪಲ್ಲಿ ನೂರಕ್ಕೆ 60 ಮಕ್ಕಳಿಗೆ ಗಡ್ಡೆ ಹೆಚ್ಚುಕಮ್ಮಿ ಹೋಯ್ತು, ಬರೀ ಸಪ್ಪೆ ಔಷಧಿ ಕೊಟ್ಟ ಗುಂಪಲ್ಲಿ ನೂರಕ್ಕೆ 4. ಏಳು ವರ್ಷಕ್ಕೆ ಒಂದು ಆಕಸ್ಮಿಕ ಹೋಗಿ ಚಿಕಿತ್ಸೆ ಆಯ್ತು.

ಈಗ ನಮ್ಮ ಕಡೆ ಬನ್ನಿ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಾ ಇದ್ವು, ಅಕ್ಕಪಕ್ಕದ ಊರಲ್ಲಿ ಜನಕ್ಕೂ ಜ್ವರ. ಮಂಗ ಸಾಯ್ತಿದೆ ಅಂದ ಕೂಡ್ಲೇ ಆಫ್ರಿಕಾದ ಹಳದಿ ಜ್ವರ ಇಂಡಿಯಾಕ್ಕೆ ಬಂತಾ ಅಂತ ದೊಡ್ಡವರಿಗೆಲ್ಲ ಹೆದರಿಕೆ ಹತ್ತಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದೋರು ಬಂದ್ರು, ನೋಡಿದ್ರೆ ಅದಲ್ಲ, ರಷ್ಯಾ ಕಡೆ ಉಣುಗಿನಿಂದ ಹರಡೋ ಮೆದುಳು ಜ್ವರದ ವೈರಸ್ಸಿನ ನೆಂಟ. ಕಾಡಿನ ಹೆಸರನ್ನೇ ವೈರಸ್ಸಿಗೆ ಇಟ್ರು, ಹಂಗಾಗಿ ಜಗತ್ತಿನ ಯಾವ ಮೂಲೆಯ ಮೆಡಿಕಲ್ ಪುಸ್ತಕ ತೆಗೆದ್ರೂ ನಮ್ಮ ಸೊರಬದ ಕಾಡು ಇರುತ್ತೆ. ಹೆಮ್ಮೆ ಪಡೋ ವಿಷಯ ಏನಲ್ಲ ಬಿಡಿ.

ಅವತ್ತಿಂದ ಇವತ್ತಿನ ತನಕ ಈ ಕಾಯಿಲೆ ಹೆಂಗಿರುತ್ತೆ ಅನ್ನೋದನ್ನ ಚೆನ್ನಾಗಿ ಬರೆದಿದ್ದಾರೆ. ಜ್ವರ, ತಲೆನೋವು, ಮೈ ಕೈ ಸೆಳೆತ, ವಸಡಲ್ಲಿ ಮೂಗಲ್ಲಿ ರಕ್ತ, ಒಂದೆರಡು ವಾರಕ್ಕೆ ಬಿಡುತ್ತೆ, ಕೆಲವರಿಗೆ ಮಧ್ಯೆ ಒಂದು ಗ್ಯಾಪ್ ಕೊಟ್ಟು ಎರಡನೇ ಸಲ ಜ್ವರ ಬಂದು ಮೆದುಳಿಗೆ ಹತ್ತುತ್ತೆ. ಸಾಯೋರು ನೂರಕ್ಕೆ ಮೂರರಿಂದ ಐದು ಜನ. ಡಿಸೆಂಬರ್‌ನಿಂದ ಮೇ ತನಕ ಸೀಸನ್ನು, ದರಲೆ ಅಂದ್ರೆ ಒಣಗಿದ ಎಲೆ ತರೋಕೆ, ಸೌದೆಗೆ ಅಂತ ಕಾಡಿಗೆ ಹೋಗೋರಿಗೆ ಸಣ್ಣ ಉಣುಗು ಹತ್ತುತ್ತೆ. ಕಾಡಿಗೆ ಹೋಗೋ ಮುಂಚೆ ಕೈ ಕಾಲಿಗೆ ಹಚ್ಕೊಳ್ಳಿ ಅಂತ ಡೆಪಾ ಎಣ್ಣೆ ಕೊಡ್ತಾರೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಕೊಡೋದು ಅದನ್ನೇ. ಇಷ್ಟೆಲ್ಲ ಗೊತ್ತು. ಚಿಕಿತ್ಸೆ ಏನು ಅಂದ್ರೆ? ಡ್ರಿಪ್ಪು, ಜ್ವರದ ಮಾತ್ರೆ, ಪ್ಲೇಟ್‌ಲೆಟ್ ಮೇಲೆ ಕಣ್ಣು. ವೈರಸ್ಸಿಗೇ ಅಂತ ಔಷಧಿ ಇಲ್ಲ. ಅರವತ್ತು ವರ್ಷ ದಾಟಿದ್ರೂ ಇಲ್ಲ.

ಲಸಿಕೆ ಇತ್ತು, ಅದರ ಕಥೆ ಕೇಳಿದ್ರೆ ಸಿಟ್ಟು ಬರುತ್ತೆ. 1990ರಿಂದ ಕೊಡ್ತಾ ಬಂದ್ರು, ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಆಮೇಲೆ ವರ್ಷ ವರ್ಷ. ಚುಚ್ಚಿದ್ರೆ ತೋಳು ಉರಿ ತಡಿಯಕ್ಕಾಗಲ್ಲ ಅಂತ ಜನ ಎರಡನೇ ಡೋಸಿಗೆ ಬರ್ತಿರ್ಲಿಲ್ಲ. 2005ರಿಂದ 2010ರ ತನಕದ ಲೆಕ್ಕ ಹಾಕಿ 2013ರಲ್ಲಿ ಒಂದು ಪೇಪರ್ ಬಂತು, ಎರಡು ಡೋಸಿಗೆ ನೂರಕ್ಕೆ 62.4ರಷ್ಟು ರಕ್ಷಣೆ, ಬೂಸ್ಟರ್ ಹಾಕಿಸ್ಕೊಂಡ್ರೆ 82.9. ಶುರುವಿನ ಲೆಕ್ಕದಲ್ಲಿ ರಕ್ಷಣೆ ಇನ್ನೂ ಜಾಸ್ತಿ ಕಂಡಿತ್ತು, ಇಷ್ಟೇ ಅಂತ ಗೊತ್ತಾಗಿದ್ದು ಎರಡು ದಶಕ ಕೊಟ್ಟ ಮೇಲೆ! 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡು ಕಡೆ ಕಾಯಿಲೆ ಜೋರಾಗಿ ಬಂದಾಗ ಎಲ್ಲಾ ಟಿವಿಯೋರೂ ಬಂದ್ರು. 2022ರಲ್ಲಿ ಆ ಲಸಿಕೆ ನಿಲ್ಲಿಸಿದ್ರು. ಈಗ ಕೇಂದ್ರ ಸರ್ಕಾರದ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಅನ್ನೋ ಲಸಿಕೆ ಕಂಪನಿ ಸೇರಿ ಹೊಸದು ಮಾಡ್ತಿದ್ದಾರೆ, ಈ ಸಲ ಟ್ರಯಲ್ ಮಾಡಿ ಲೆಕ್ಕ ಮೊದ್ಲೇ ಇಟ್ಟು ಆಮೇಲೆ ಹಳ್ಳಿಗೆ ತರ್ಲಿ ಅಂತ ನನ್ನ ಆಸೆ.

ಹಾವಿನ ವಿಷಯ ಇನ್ನೂ ವಿಚಿತ್ರ. ನಮ್ಮಲ್ಲಿ ಸಿಗೋ ಹಾವಿನ ಔಷಧಿ ನಾಲ್ಕು ಹಾವಿಗೆ ಮಾತ್ರ, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಪಶ್ಚಿಮಘಟ್ಟದ ತೋಟಗಳಲ್ಲಿ ಮೂಗಿನ ತುದಿ ಸ್ವಲ್ಪ ಮೇಲೆ ಎದ್ದಿರೋ ಒಂದು ಗಿಡ್ಡ ಗುಳಿಮಂಡಲ ಇದೆ, ಒಣಗಿದ ಎಲೆ ಬಣ್ಣ, ದರಕಿನ ನಡುವೆ ಮಲಗಿದ್ರೆ ಕಾಣೋದೇ ಇಲ್ಲ. ಇದು ಕಚ್ಚಿದ್ರೆ ಏನೂ ಆಗಲ್ಲ ಅಂತ ಇಂಡಿಯಾದಲ್ಲಿ ಬಹಳ ಕಾಲ ಡಾಕ್ಟರ್‌ಗಳೂ ಅಂದ್ಕೊಂಡಿದ್ರು. 2007ರಲ್ಲಿ ಕೇರಳದಿಂದ ಐದು ಜನ ಪೇಷಂಟ್‌ಗಳ ರಿಪೋರ್ಟ್ ಬಂತು, ಐದೇ ಜನ. ರಕ್ತ ಹೆಪ್ಪುಗಟ್ಟಲ್ಲ, ಕಿಡ್ನಿ ಹೋಗುತ್ತೆ, ಕೊಟ್ಟ ಔಷಧಿ ಉಪಯೋಗಕ್ಕೆ ಬರಲ್ಲ. ಇಷ್ಟು ದಿನ ಈ ಹಾವನ್ನ ಗರಗಸಮಂಡಲ ಅಂತ ತಪ್ಪಾಗಿ ಗುರುತು ಹಿಡೀತಿದ್ರು ಅನ್ನೋದೂ ಆಗ್ಲೇ ಹೊರಗೆ ಬಂದಿದ್ದು. ಕೇಸ್ ರಿಪೋರ್ಟಿನ ತಾಕತ್ತು ಅಂದ್ರೆ ಇದು ನೋಡಿ. ಔಷಧಿ ಕೆಲ್ಸ ಮಾಡುತ್ತೆ ಅಂತ ಸಾಬೀತು ಮಾಡೋಕೆ ಐದು ಜನ ಸಾಲಲ್ಲ, ಆದ್ರೆ ನೀವು ನಂಬ್ಕೊಂಡಿರೋದು ಸುಳ್ಳು ಅಂತ ತೋರಿಸೋಕೆ ಐದು ಜನ ಧಾರಾಳ ಸಾಕು.

ಹಾವು ಕಚ್ಚಿದೋರಿಗೆ ಮಾಡೋ ಟೆಸ್ಟ್ ಕೇಳಿದ್ರೆ ನಿಮಗೆ ನಗು ಬರಬಹುದು. ಎರಡು ಎಂಎಲ್ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸ್ದೆ ಇಟ್ಟು ಆಮೇಲೆ ಓರೆ ಮಾಡಿ ನೋಡೋದು, ಹೆಪ್ಪು ಕಟ್ಟಿದ್ರೆ ರಕ್ತದ ಮಟ್ಟಿಗೆ ಸದ್ಯಕ್ಕೆ ಪರವಾಗಿಲ್ಲ, ನೀರಿನ ತರ ಹರಿದ್ರೆ ಮಂಡಲದ ವಿಷ ರಕ್ತಕ್ಕೆ ಹತ್ತಿದೆ. ಟ್ಯೂಬ್ ಗಾಜಿಂದೇ ಆಗ್ಬೇಕು, ಪ್ಲಾಸ್ಟಿಕ್ ಆಗಲ್ಲ, ಸೋಪಲ್ಲಿ ತೊಳೆದಿರ್ಲೂ ಬಾರ್ದು, ಯಾಕಂದ್ರೆ ರಕ್ತ ಹೆಪ್ಪುಗಟ್ಟೋಕೆ ಶುರು ಮಾಡೋದೇ ಆ ಗಾಜಿನ ಮೈ ತಾಗಿ. ಮಷೀನೂ ಬೇಡ, ಕರೆಂಟೂ ಬೇಡ, ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗೋ ಊರಿನ ಪಿಎಚ್‌ಸಿಗೂ ಆಗುತ್ತೆ. ಕರ್ನಾಟಕದಲ್ಲಿ 2024ರಿಂದ ಹಾವು ಕಚ್ಚಿದ ಪ್ರತಿ ಕೇಸೂ ಸರ್ಕಾರಕ್ಕೆ ತಿಳಿಸ್ಬೇಕು ಅಂತ ರೂಲ್ ಆಗಿದೆ. ಯಾವ ಹಾವು, ಯಾವ ಊರು, ಔಷಧಿ ಎಷ್ಟು ವಯಲ್ ಅಂದ್ರೆ ಎಷ್ಟು ಸಣ್ಣ ಬಾಟ್ಲಿ ಹೋಯ್ತು ಅಂತ ಸರಿಯಾಗಿ ಬರೆದ್ರೆ ಮಲೆನಾಡಿಗೆ ಬೇರೆ ಔಷಧಿ ಬೇಕಾ ಅನ್ನೋ ವಾದಕ್ಕೆ ಒಂದು ಬುಡ ಸಿಗುತ್ತೆ.

ಟ್ರಯಲ್ ಆದ್ರೆ ಎಲ್ಲಾ ಮುಗೀತು ಅಂತಲೂ ಅಲ್ಲ. ತೋಟಕ್ಕೆ ಹೊಡಿಯೋ ಕೀಟನಾಶಕ ಕುಡಿದೋರ ಕೇಸು ಮೆಡಿಸಿನ್‌ನೋರ ಥೀಸಿಸ್‌ಗಳಲ್ಲಿ ತುಂಬಾ ಬರುತ್ತೆ, ಟೈಪ್ ಮಾಡೋಕೆ ಮನಸ್ಸಿಗೆ ಕಷ್ಟ ಆಗೋ ಚಾರ್ಟು ಅದು, ವಯಸ್ಸಿನ ಕಾಲಮ್ ನೋಡಿದ್ರೆ 19, 22, 24. ಇದಕ್ಕೆ ಅಟ್ರೋಪಿನ್ ಕೊಡ್ಬೇಕು ಅನ್ನೋದ್ರಲ್ಲಿ ಜಗಳ ಇಲ್ಲ. ಜೊತೆಗೆ ಪ್ಯಾಮ್ ಅಂತ ಇನ್ನೊಂದು ಇಂಜೆಕ್ಷನ್ ಇದೆ, ಪ್ರಾಲಿಡಾಕ್ಸಿಮ್, ಅದರ ಮೇಲೆ ಜಗಳ. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಿಂದ 200 ಪೇಷಂಟ್‌ಗಳ ಟ್ರಯಲ್, ಜಾಸ್ತಿ ಡೋಸು ಬಿಡದೆ ಡ್ರಿಪ್ಪಲ್ಲಿ ಕೊಟ್ಟೋರಲ್ಲಿ ನೂರಕ್ಕೆ 1 ಸಾವು, ಬಿಟ್ಟು ಬಿಟ್ಟು ಕೊಟ್ಟೋರಲ್ಲಿ 8. ಸರಿ, ಪ್ಯಾಮ್ ಒಳ್ಳೇದು ಅಂತಾಯ್ತಲ್ಲ. 2009ರಲ್ಲಿ ಶ್ರೀಲಂಕಾದಿಂದ 235 ಪೇಷಂಟ್‌ಗಳ ಟ್ರಯಲ್, ಪ್ಯಾಮ್ ಕೊಟ್ಟ ಗುಂಪಲ್ಲಿ ಸಾವು ನೂರಕ್ಕೆ ಸುಮಾರು 25, ಕೊಡದ ಗುಂಪಲ್ಲಿ 16. ಆ ವ್ಯತ್ಯಾಸ ಕಾಕತಾಳೀಯವೂ ಇರಬಹುದು ಅಂತ ಅವ್ರೇ ಬರೆದಿದ್ದಾರೆ, ಆದ್ರೆ ಲಾಭ ಅಂತೂ ಕಾಣ್ಲಿಲ್ಲ. ಎರಡು ಕಡೇಲೂ ಕುಡಿದ ವಿಷ ಬೇರೆ, ಆಸ್ಪತ್ರೆಗೆ ಬಂದ ಹೊತ್ತು ಬೇರೆ, ಐಸಿಯು ಬೇರೆ. ಮೆಡಿಸಿನ್ ಓದ್ತಿರೋ ಒಬ್ಬ ಹುಡುಗ ಇದನ್ನ ಹೇಳಿದಾಗ ನಾನು, ಹಂಗಾರೆ ನೀವು ನೈಟ್ ಡ್ಯೂಟಿಲಿ ಎಂತ ಮಾಡ್ತೀರಿ ಮಾರಾಯ್ರೇ ಅಂದೆ. ಆ ಹುಡುಗ ನಕ್ಕು "ನಮ್ಮ ಯೂನಿಟ್ ಚೀಫ್ ಹೇಳಿದ್ದು ಮಾಡ್ತೀವಿ ಅಣ್ಣ" ಅಂದ. ಪ್ರಾಮಾಣಿಕ ಹುಡುಗ.

ಇನ್ನು ಅಡಿಕೆ. ಇದನ್ನ ಬರೆದ್ರೆ ನಮ್ಮ ನೆಂಟರೇ ಮಾತಾಡ್ಸಲ್ಲ, ಆದ್ರೂ ಬರೀತೀನಿ. ಡೆಂಟಲ್‌ನೋರು ತರೋ ಥೀಸಿಸ್ಸಲ್ಲಿ ಒಂದು ಫೋಟೋ ಯಾವಾಗ್ಲೂ ಇರುತ್ತೆ, ಬಾಯಿ ಆ ಅಂತ ಪೂರ್ತಿ ತೆಗೆದಿರೋ ಮನುಷ್ಯ, ಹಲ್ಲಿಂದ ಹಲ್ಲಿಗೆ ಸ್ಕೇಲ್ ಹಿಡಿದಿರ್ತಾರೆ, ನೋಡಿದ್ರೆ ಎರಡು ಸೆಂಟಿಮೀಟರೂ ಇಲ್ಲ. ಕಣ್ಣಿಗೆ ಕಪ್ಪು ಪಟ್ಟಿ ನಾನೇ ಹಾಕೋದು. ಬಾಯೊಳಗಿನ ಚರ್ಮ ಗಟ್ಟಿಯಾಗಿ ನಾರುಗಟ್ಟೋದು ಇದು, ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದೂ ಶುರುವಾಗಿದ್ದು ಕೇಸ್ ರಿಪೋರ್ಟಲ್ಲೇ, 1952ರಲ್ಲಿ ಪೂರ್ವ ಆಫ್ರಿಕಾದಲ್ಲಿದ್ದ ಐದು ಭಾರತೀಯ ಹೆಂಗಸರ ಬಗ್ಗೆ, ಆಗ ಕಾರಣ ಗೊತ್ತಿಲ್ಲ ಅಂತ ಬರೆದಿದ್ರು. ಆಮೇಲೆ ಒಂದೊಂದೇ ಊರಿಂದ ಲೆಕ್ಕ ಬಂದು ಬಂದು ಕೊನೆಗೆ ಕಾರಣ ಅಡಿಕೆ ಅಂತ ಗಟ್ಟಿಯಾಯ್ತು, 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋದು ಖಚಿತ ಅನ್ನೋ ಮೊದಲ ಪಟ್ಟಿಗೆ ಹಾಕ್ತು. ತೀರ್ಥಹಳ್ಳಿ ಕಡೆಯ ತೋಟದ ಹಿರಿಯರೊಬ್ರು ನನ್ನ ಅಂಗಡಿಲಿ ಈ ಫೋಟೋ ನೋಡಿ, "ನಮ್ಮಪ್ಪ ತೊಂಬತ್ತು ವರ್ಷ ಕವಳ ಹಾಕಿದ್ರು ಎಂತ ಆಗ್ಲಿಲ್ಲ, ಇದೆಲ್ಲ ಗುಟ್ಕಾದೋರ ಕಾಯಿಲೆ" ಅಂದ್ರು. ನಾನು, ನಿಮ್ಮಪ್ಪಂದು ಒಂದು ಕೇಸ್ ರಿಪೋರ್ಟು ರಾಯರೇ ಅಂದೆ. ಅರ್ಥ ಆಯ್ತೋ ಇಲ್ವೋ, ಮದುವೆ ಕಾರ್ಡಿನ ರೇಟ್ ಕಮ್ಮಿ ಮಾಡು ಅಂತ ಮಾತು ತಿರುಗಿಸಿದ್ರು. ಚಿಕಿತ್ಸೆ ಕಡೆ ನೋಡಿದ್ರೆ ಸ್ಟೀರಾಯ್ಡ್ ಇಂಜೆಕ್ಷನ್, ಹಯಲುರೊನಿಡೇಸ್, ಲೈಕೋಪೀನ್ ಮಾತ್ರೆ, ಬಾಯಿ ತೆಗೆಯೋ ಎಕ್ಸರ್‌ಸೈಜು, ಆಪರೇಷನ್ನು, ಒಬ್ಬೊಬ್ರು ಮೂವತ್ತು ನಲವತ್ತು ಜನರ ಮೇಲೆ ಒಂದೊಂದು ನೋಡಿರ್ತಾರೆ, ಅಳತೆ ಒಬ್ರದ್ದು ಇನ್ನೊಬ್ರಿಗೆ ತಾಳೆ ಆಗಲ್ಲ. ಮೊದಲಿನ ತರ ಬಾಯಿ ಪೂರ್ತಿ ಬಿಡಿಸೋ ಔಷಧಿ ಇಲ್ಲ, ಅಡಿಕೆ ಬಿಡೋದೇ ಮೊದಲ ಹೆಜ್ಜೆ.

ಹಂದಿಗೋಡು ಬಗ್ಗೆ ಬೇರೆಯಾಗೇ ಬರೀಬೇಕು, ಸಾಗರ ತಾಲೂಕಿನ ಆ ಕೀಲು ಸೊಂಟದ ಕಾಯಿಲೆಗೆ 1970ರ ದಶಕದಲ್ಲಿ ಗದ್ದೆ ಏಡಿ ತಿಂದು ಬಂತು, ಕೀಟನಾಶಕದಿಂದ ಬಂತು ಅಂತೆಲ್ಲ ಅನುಮಾನ ಪಟ್ಟು ಆಮೇಲೆ ವಂಶವಾಹಿಯಿಂದ ಅಂತ ಗೊತ್ತಾಗಿದ್ದು ದೊಡ್ಡ ಕಥೆ.

ಕೊನೆಗೆ ಒಂದು ಕೆಲಸದ ಮಾತು. ವಾಟ್ಸಾಪಲ್ಲಿ ಇಂಥಾ ಕಾಯಿಲೆಗೆ ಹೊಸ ಔಷಧಿ ಟ್ರಯಲ್ ನಡೀತಿದೆ ಅಂತ ಬಂದ್ರೆ ದೇಶದ ಟ್ರಯಲ್‌ಗಳ ರಿಜಿಸ್ಟರ್ ಇರೋ ಸಿಟಿಆರ್‌ಐ ವೆಬ್‌ಸೈಟಲ್ಲಿ ಹುಡುಕಿ, 2009ರಿಂದ ಇಂಡಿಯಾದಲ್ಲಿ ಟ್ರಯಲ್ ಮಾಡೋರು ಅಲ್ಲಿ ಮೊದ್ಲೇ ನೋಂದಣಿ ಮಾಡಿಸ್ಬೇಕು, ಯಾರು ಬೇಕಾದ್ರೂ ನೋಡಬಹುದು, ದುಡ್ಡಿಲ್ಲ. ಮತ್ತೆ ಆಸ್ಪತ್ರೆಲಿ ನಿಮ್ಮ ಕೇಸ್ ಬರೀತೀವಿ ಸಹಿ ಹಾಕಿ ಅಂತ ಫಾರಂ ಕೊಟ್ರೆ ಹೆದರ್ಕೋಬೇಡಿ, ಆದ್ರೆ ಓದಿ, ಓದೋಕೆ ಬರದಿದ್ರೆ ಓದಿ ಹೇಳಿ ಅನ್ನಿ. ಫೋಟೋ ಬೇಡ ಅನ್ನಬಹುದು, ಪೂರ್ತಿ ಬೇಡವೇ ಬೇಡ ಅಂತಲೂ ಅನ್ನಬಹುದು, ಅದಕ್ಕೆ ಅಂತ ಟ್ರೀಟ್‌ಮೆಂಟ್ ನಿಲ್ಲಿಸೋ ಹಂಗಿಲ್ಲ. ಒಪ್ಕೊಂಡ್ರೆ ಪ್ರಿಂಟ್ ಆದ್ಮೇಲೆ ನಂಗೊಂದು ಕಾಪಿ ಕೊಡಿ ಅಂತ ಆಗ್ಲೇ ಕೇಳಿಬಿಡಿ. ನನ್ನ ಅಂಗಡಿಲಿ ಪೇಷಂಟಿಗೆ ಅಂತ ಎಕ್ಸ್‌ಟ್ರಾ ಕಾಪಿ ತೆಗೆಸಿದೋರು ಯಾರೂ ಇಲ್ಲ, ಜೆರಾಕ್ಸ್ ಎರಡು ರೂಪಾಯಿ ಅಷ್ಟೇ.